ಹಳ್ಳದಾಚೆಯ ಸರಕಾರ

ದೇಶಕ್ಕೆ ಸ್ವಾತಂತ್ರ್ಯ ಬಂದು ಆಗಲೇ ಆರು ತಿಂಗಳ ಮೇಲಾಗಿತ್ತು. ಆದರೆ ಮುಳಗುಂದದ ಕೆಳಗಿನ ಆ ಸಣ್ಣ ಊರಿನವರಿಗೆ ದೇಶ ಇನ್ನೂ ಮೂರಿದ್ದವು. ಊರು ಮುಂಬೈ ಸರಕಾರದ್ದು. ಊರ ಮುಂದಿನ ಹಳ್ಳ ದಾಟಿದರೆ ಶಿರಹಟ್ಟಿ ಸೀಮೆ, ಅದು ಒಬ್ಬ ರಾಜರ ಸಂಸ್ಥಾನ. ಇತ್ತ ಲಕ್ಷ್ಮೇಶ್ವರದ ಕಡೆ ಚಕ್ಕಡಿ ಹೊಡೆದರೆ ಅದು ಇನ್ನೊಬ್ಬ ರಾಜರದ್ದು. ಸುಖದ ದಿನಗಳಲ್ಲಿ ಇದು ಯಾರಿಗೂ ನೆನಪಿರುತ್ತಿರಲಿಲ್ಲ. ಒಂದು ಸರಕಾರದಲ್ಲಿ ಮೇಯ್ದ ಎತ್ತು ಇನ್ನೊಂದು ಸರಕಾರದಲ್ಲಿ ನೀರು ಕುಡಿಯುತ್ತಿತ್ತು, ಹೆಣ್ಣು ಕೊಡುವುದು ತರುವುದು ಮೂರೂ ಕಡೆ ನಡೆದಿತ್ತು. ಪ್ಲೇಗು ಬಂತು ನೋಡಿ, ಮೂರೂ ಸರಕಾರಗಳಿಗೆ ತಮ್ಮ ತಮ್ಮ ಗಡಿ ನೆನಪಾಯಿತು.

ಮುಂಬೈ ಸರಕಾರ ಸೂಜಿ ಚುಚ್ಚಿಸಿಕೊಳ್ಳಿ ಎಂದಿತು. ಇಲಿ ಬಿದ್ದ ಊರವರು ಮನೆ ಬಿಟ್ಟು ಬಯಲಿಗೆ ಹೋಗಿ ಎಂದೂ ಹೇಳಿತು. ಲಕ್ಷ್ಮೇಶ್ವರದಲ್ಲಿ ಸಂತೆ ನಿಲ್ಲಿಸಿ, ಹೊರಗಿನಿಂದ ಬಂದವರನ್ನು ಊರಾಚೆ ಕೂರಿಸಿ ನೋಡಿ ಒಳಗೆ ಬಿಡುತ್ತಿದ್ದರು. ಶಿರಹಟ್ಟಿ ಸೀಮೆಯವರದು ಒಂದೇ ಮಾತು: ಇಲಿ ಬಿದ್ದ ಸೀಮೆಯ ನರಪಿಳ್ಳೆ ನಮ್ಮ ಗಡಿಯೊಳಗೆ ಕಾಲಿಡಕೂಡದು. ಹಳ್ಳದ ಆಚೆ ದಂಡೆಗೆ ಜಾಲಿಮುಳ್ಳು ಬಡಿದು ನಾಕಾ ಹಾಕಿದರು, ಹುಲಗಪ್ಪ ಎಂಬ ಪೊಲೀಸಿನವನನ್ನು ಅಲ್ಲಿ ಕೂರಿಸಿದರು.

ಇಷ್ಟು ಸಾಕಾಯಿತು ಹಣಮಪ್ಪನ ಗುಡಿಯ ಕಟ್ಟೆಗೆ. ಹೊತ್ತು ಮೂಡಿದ್ದೇ ತಡ, ಯಾವ ಸರಕಾರ ಶಾಣೇದು ಎಂಬ ವಾದ ಶುರು. ಮುಳಗುಂದದಿಂದ ಪತ್ರಿಕೆ ತರಿಸಿ ಓದುವವನು ಊರಿಗೊಬ್ಬನೇ, ಅವನು ಚನ್ನಬಸವಣ್ಣ. ಸೂಜಿಯೇ ಸರಿ ಎಂದು ಅವನ ಪಕ್ಷ. ಗಡಿ ಮುಚ್ಚುವುದೇ ಸರಿ ಎಂದು ಕಿರಾಣಿ ಅಂಗಡಿ ಉಡಚಪ್ಪನ ಪಕ್ಷ. ಚೀನಾದಲ್ಲಿ ಓಣಿಗೆ ಓಣಿಯೇ ಸುಡುತ್ತಾರಂತೆ ಎಂದು ಒಬ್ಬ ಹೇಳಿದರೆ, ಇಂಗ್ಲೆಂಡಿನಲ್ಲಿ ಹಡಗನ್ನು ನಡುನೀರಿನಲ್ಲೇ ನಿಲ್ಲಿಸುತ್ತಾರಂತೆ ಎಂದು ಇನ್ನೊಬ್ಬ. ಇಬ್ಬರೂ ಧಾರವಾಡದ ಆಚೆ ಹೋದವರಲ್ಲ. ಬಳೆಗಾರ ರಹಮಾನಸಾಬ ಮುಂಡರಗಿ ಕಡೆಯಿಂದ ಬಂದರೆ ಅವನಿಗೆ ಚಹಾ ಕುಡಿಸಿ, ಕೊರ್ಲಹಳ್ಳಿಯಿಂದ ಹೊಳೆಯಾಚೆ ಮದ್ರಾಸ ಸರಕಾರದವರು ಏನು ಮಾಡುತ್ತಿದ್ದಾರೆ ಎಂದು ಕೇಳುವರು. ಅವನು ಏನು ಹೇಳಿದರೂ ಎರಡೂ ಪಕ್ಷದವರು ಅದು ತಮ್ಮ ಮಾತೇ ಎನ್ನುವರು. ಕೊನೆಗೆ ಶಾಲೆಯ ಅಂಗಳದಲ್ಲಿ ಸಭೆಯೇ ಸೇರಿತು. ಬಸುರಿ ಹೆಂಗಸರಿಗೆ ಸೂಜಿ ಹಾಕಬಹುದೋ ಬಾರದೋ ಎಂಬುದರ ಮೇಲೆ ಊಟದ ಹೊತ್ತು ಮೀರುವ ತನಕ ಮಾತಾಡಿದರು. ತೀರ್ಮಾನವಾಗಲಿಲ್ಲ. ಸೂಜಿಯ ಡಾಕ್ಟರು ಕಾದು ಕಾದು, ಕೈ ನೀಡಿದವರಿಗಷ್ಟು ಚುಚ್ಚಿ ಮುಂದಿನ ಊರಿಗೆ ಹೋದರು.

ಚನ್ನಬಸವಣ್ಣನ ಹೆಂಡತಿ ಗದಿಗೆವ್ವನಿಗೆ ಈ ವಾದಗಳೆಂದರೆ ಮೈಯೆಲ್ಲ ಉರಿ. ಆಕೆಯ ಮಗಳು ಅನ್ನಪೂರ್ಣವ್ವ ಲಕ್ಷ್ಮೇಶ್ವರದ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಆಕೆಗೆ ಸೂಜಿ ಬೇಕೋ ಬೇಡವೋ ಎಂಬುದನ್ನೇ ಗಂಡಸರು ಅಷ್ಟು ಹೊತ್ತು ಕಡೆದು, ಬೆಣ್ಣೆ ಬಾರದೆ ಎದ್ದು ಬಂದಿದ್ದರು. ಗದಿಗೆವ್ವ ಮಾತು ಕಡಿಮೆಯ ಹೆಣ್ಣು, ಕೈಕೆಲಸದಾಕೆ. ಆಕೆ ಹೊಲಕ್ಕೆ ಮಾಡಿ ನಿಲ್ಲಿಸುವ ಬೆರ್ಚಪ್ಪನಿಗೆ ಸೀಮೆಯಲ್ಲೇ ಹೆಸರು. ಒಣ ಜೋಳದ ದಂಟಿನ ಕಣಕಿ ತುಂಬಿ ಕಟ್ಟಿದ ಮೈ, ಗಂಡನ ಹರಕು ಅಂಗಿ, ತಲೆಗೆ ಮಗುಚಿದ ಗಡಿಗೆ, ಅದರ ಮೇಲೆ ಸುಣ್ಣದಲ್ಲಿ ಬರೆದ ಎರಡು ಕಣ್ಣು. ಹಕ್ಕಿಗಳು ಹೋಗಲಿ, ದಾರಿಹೋಕರೂ ಆ ಬೆರ್ಚಪ್ಪನಿಗೆ ಶರಣಾರ್ಥಿ ಹೇಳಿ ಹೋಗುತ್ತಾರೆಂದು ಓಣಿಯ ಹೆಂಗಸರು ನಗೆಯಾಡುತ್ತಿದ್ದರು. ಆ ವರ್ಷದ ಬಿಳಿಜೋಳಕ್ಕೂ ಒಬ್ಬ ಬೆರ್ಚಪ್ಪ ನಿಂತಿದ್ದ. ಸುಗ್ಗಿ ಮುಗಿದ ಮೇಲೂ ಅವನು ಅಲ್ಲೇ ಇದ್ದ, ಕಿತ್ತು ತರಲು ಯಾರಿಗೂ ಹೋಗಲಾಗಲಿಲ್ಲ. ಏಕೆಂದರೆ ಮನೆ ಮುಂಬೈ ಸರಕಾರದಲ್ಲಿತ್ತು, ಇದ್ದೊಂದು ಹೊಲ ಹಳ್ಳದ ಆಚೆ ಶಿರಹಟ್ಟಿ ಸೀಮೆಯಲ್ಲಿತ್ತು.

ಅನ್ನಪೂರ್ಣವ್ವ ಹೆಣ್ಣು ಕೂಸು ಹಡೆದಳು. ಕೂಸಿನ ಹೊಕ್ಕಳಬಳ್ಳಿ ಉದುರುವುದರೊಳಗೆ ಅಟ್ಟದ ಮೇಲಿಂದ ಸತ್ತ ಇಲಿ ಬಿತ್ತು.

ಊರು ಬಯಲಿಗೆ ಬಿತ್ತು. ಈಚೆ ಹೊಲವಿದ್ದವರು ತಮ್ಮ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಇಲ್ಲದವರು ಸರಕಾರಿ ಬಯಲಿನಲ್ಲಿ ಒತ್ತೊತ್ತಾಗಿ ತಟ್ಟಿ ಕಟ್ಟಿಕೊಂಡರು. ಗದಿಗೆವ್ವನ ಮನೆಯವರೂ ಮೊದಲು ಅಲ್ಲಿಗೇ ಹೋದರು. ಆದರೆ ಪಕ್ಕದ ಗುಡಿಸಲಿನಲ್ಲಿ ಒಬ್ಬನಿಗೆ ಬಗಲಲ್ಲಿ ಗಂಟು ಎದ್ದಿತು, ಮರುದಿನ ಅವನ ತಾಯಿಗೆ. ಹಸಿ ಬಾಣಂತಿಯನ್ನು ಅಲ್ಲಿಟ್ಟುಕೊಂಡು ಕೂರುವುದು ಹೇಗೆ? ಚಕ್ಕಡಿ ಕಟ್ಟಿಕೊಂಡು ಹಳ್ಳಕ್ಕಿಳಿದರು. ಆಚೆ ದಂಡೆ ಏರಿದರೆ ಅವರದೇ ಹೊಲ, ಬೇವಿನ ಮರ, ಭಾವಿ, ಕಲ್ಲು ಗೋಡೆಯ ಗುಡಿಸಲು.

ಹುಲಗಪ್ಪ ಮುಳ್ಳಿನಾಚೆಯಿಂದಲೇ ಕೈ ಅಡ್ಡ ಹಿಡಿದ.

"ನಮ್ಮ ಹೊಲಕ್ಕ ನಾವು ಹೋಗಾಕ ಯಾರ ಅಪ್ಪಣಿ ಬೇಕಲೇ?" ಎಂದ ಚನ್ನಬಸವಣ್ಣ.

"ಹೊಲ ನಿಮ್ಮದ ಐತ್ರಿ ಯಜಮಾನ್ರ, ದಾರಿ ರಾಜರದು," ಎಂದ ಹುಲಗಪ್ಪ. ಸೊಕ್ಕಿನಿಂದ ಹೇಳಲಿಲ್ಲ ಅವನು. ಹೇಳಿ, ಬಾಣಂತಿಯ ಮುಖ ನೋಡಲಾರದೆ ತಲೆ ತಗ್ಗಿಸಿದ.

ಹಿಂದೆ ಹೋದರೆ ಗಂಟು, ಮುಂದೆ ಹೋದರೆ ಮುಳ್ಳು. ಹಳ್ಳದ ಮರಳಿನಲ್ಲೇ ಚಕ್ಕಡಿ ನಿಲ್ಲಿಸಿ, ಮೇಲೆ ಕೌದಿ ಹೊದಿಸಿ ನೆರಳು ಮಾಡಿದರು. ಮರಳು ತೋಡಿ ಒರತೆ ನೀರು ತೆಗೆದರು. ಆ ಹಳ್ಳ ಯಾವ ಸರಕಾರದ್ದೆಂದು ಯಾರಿಗೂ ಗೊತ್ತಿರಲಿಲ್ಲ. ಹಗಲು ಮರಳು ಸುಡುತ್ತಿತ್ತು, ಹೊತ್ತು ಮುಳುಗಿದರೆ ತಂಪಿಗೆ ಕೂಸು ನಡುಗುತ್ತಿತ್ತು. ಆದರೂ ಚನ್ನಬಸವಣ್ಣ ಧೈರ್ಯ ಹೇಳುತ್ತಿದ್ದ. ಸಂಸ್ಥಾನಗಳೆಲ್ಲ ಮುಂಬೈ ಪ್ರಾಂತಕ್ಕೆ ಸೇರಲಿವೆ, ಇವತ್ತು ನಾಳೆ ಅಂತಿದ್ದಾರೆ, ಆಮೇಲೆ ಎಲ್ಲಿಯ ಗಡಿ, ಎಲ್ಲಿಯ ನಾಕಾ ಎಂದು ಅವನ ಲೆಕ್ಕ. ಅವನು ಪತ್ರಿಕೆಯಲ್ಲಿ ಓದಿದ್ದು ಸುಳ್ಳಾಗಿರಲಿಲ್ಲ. ಗದಿಗೆವ್ವನೂ ನಂಬಿದಳು, ನಂಬದೆ ಬೇರೆ ಏನಿತ್ತು ಆಕೆಗೆ?

ಹುಲಗಪ್ಪ ದಂಡೆಯ ಮೇಲಿನ ಜಾಲಿಯ ಬುಡದಲ್ಲಿ, ನೀಲಿ ಕೋಟು ತೊಟ್ಟು ಕೆಂಪು ರುಮಾಲು ಸುತ್ತಿ ಕೂತಿರುತ್ತಿದ್ದ. ಬಿಸಿಲೇರಿದರೆ ಅಲ್ಲೇ ಮರಕ್ಕೊರಗಿ ತೂಕಡಿಸುವನು. ಒಳ್ಳೆಯ ಮನುಷ್ಯ. ಅವರದೇ ಹೊಲದ ಭಾವಿಯಿಂದ ಒಂದು ಕೊಡ ಸಿಹಿನೀರು ಸೇದಿ ತಂದು ಮುಳ್ಳಿನ ಹತ್ತಿರ ಇಟ್ಟು ದೂರ ಸರಿಯುವನು. ಒಂದು ದಿನ ಜೋಳದ ರೊಟ್ಟಿಯನ್ನೂ ಇಟ್ಟಿದ್ದ. ಕೂಸು ಅತ್ತರೆ ಮೇಲಿಂದಲೇ ಏನಾತ್ರಿ ಅವ್ವಾರ ಎಂದು ಕೂಗಿ ಕೇಳುವನು. ಅಳಿಯ ಅಂದಾನಪ್ಪ ಲಕ್ಷ್ಮೇಶ್ವರದಲ್ಲೇ ಸಿಕ್ಕಿಕೊಂಡಿದ್ದ. ಅವನಿಗೆ ಮಗಳು ಹುಟ್ಟಿದ ಸುದ್ದಿ ಮುಟ್ಟಿತೋ ಇಲ್ಲವೋ ತಿಳಿಯದು.

ಆಮೇಲೆ ಅನ್ನಪೂರ್ಣವ್ವನಿಗೆ ಜ್ವರ ಬಂತು.

ಮೊದಲು ಬಾಣಂತಿ ಜ್ವರವೆಂದುಕೊಂಡರು. ಬೆಳ್ಳುಳ್ಳಿ ಸುಟ್ಟು ಕೊಟ್ಟರು, ಹೊದಿಕೆ ಹೆಚ್ಚು ಮಾಡಿದರು. ಸಂಜೆಗೆ ಎಡದ ತೊಡೆಯ ಸಂದಿಯಲ್ಲಿ ನೋವೆಂದಳು. ಗದಿಗೆವ್ವ ಸೀರೆ ಸರಿಸಿ ಕೈ ಇಟ್ಟು ನೋಡಿದಳು. ಬೆರಳಿಗೆ ಗಂಟು ಸಿಕ್ಕಿತು. ಆಕೆ ಗಂಡನಿಗೆ ಒಮ್ಮೆಗೇ ಹೇಳಲಿಲ್ಲ. ಕೂಸನ್ನೆತ್ತಿಕೊಂಡು ಚಕ್ಕಡಿಯ ಮರೆಗೆ ಹೋಗಿ, ಬಾಯಿಗೆ ಸೆರಗು ತುರುಕಿಕೊಂಡು ಅತ್ತು, ಮುಖ ತೊಳೆದು ಬಂದು ಆಮೇಲೆ ಹೇಳಿದಳು.

ಚನ್ನಬಸವಣ್ಣ ಆ ಕ್ಷಣವೇ ಮುಳಗುಂದಕ್ಕೆ ನಡೆದು ಹೋದ. ಡಾಕ್ಟರು ಸೂಜಿ ಹಾಕುತ್ತ ಯಾವ ಹಳ್ಳಿಯಲ್ಲಿದ್ದಾರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬರಿಗೈಯಲ್ಲಿ ತಿರುಗಿ ಬಂದ. ಗದಗಿಗೆ ಹೋಗಬೇಕೆಂದರೆ ಆ ದಾರಿಯಲ್ಲಿ, ಆ ಬಿಸಿಲಿನಲ್ಲಿ ಹುಡುಗಿ ಉಳಿಯುವುದು ಸುಳ್ಳು. ಶಿರಹಟ್ಟಿ ಹತ್ತಿರ. ಅಲ್ಲಿಯ ದವಾಖಾನೆಗೆ ಪ್ಲೇಗಿನ ಹೊಸ ಗುಳಿಗೆ ಬಂದಿವೆ, ಬೇಗ ನುಂಗಿಸಿದರೆ ಎಷ್ಟೋ ಜನ ಎದ್ದು ಕೂರುತ್ತಾರೆ ಎಂದು ಹುಲಗಪ್ಪನೇ ಒಮ್ಮೆ ಹೇಳಿದ್ದ.

ಗದಿಗೆವ್ವ ಮುಳ್ಳಿನ ಬುಡಕ್ಕೆ ಹೋಗಿ ಸೆರಗೊಡ್ಡಿದಳು. ಜನ್ಮದಲ್ಲಿ ಯಾರ ಮುಂದೆಯೂ ಒಡ್ಡಿದವಳಲ್ಲ.

ಹುಲಗಪ್ಪ ಶಿರಹಟ್ಟಿಯ ದಾರಿಯ ಕಡೆ ಒಮ್ಮೆ ತಿರುಗಿ ನೋಡಿದ. ಆಮೇಲೆ ಹೇಳಿದ: "ಅವ್ವಾರ, ಅಪ್ಪಣಿ ಕೇಳಸ್ತೀನ್ರಿ. ಬಂದ ಕೂಡ್ಲೆ ನಾನ ನಿಂತು ಕೂಗ್ತೀನಿ. ಅಲ್ಲೀತನಕಾ ದಾಟಬ್ಯಾಡ್ರಿ. ಮ್ಯಾಲೆ ತಿರುಗಾಡೋ ಪೊಲೀಸರು ಕಂಡ್ರ ಯಜಮಾನ್ರನ್ನ ಹಿಡದು ಒಯ್ತಾರ, ನೀವು ಹೆಂಗಸ್ರಿಬ್ಬರ ಉಳಿತೀರಿ. ಜಡ್ಡ ಬಂದೈತಿ ಅಂದ ಮ್ಯಾಲ ನಾ ಇನ್ನ ಇಳದು ಬರಂಗಿಲ್ರಿ, ಮಾತೂ ಆಡಂಗಿಲ್ಲ. ತಪ್ಪು ತಿಳ್ಕೋಬ್ಯಾಡ್ರಿ."

ಹೋಗಿ ಬರುವವರ ಕೈಯಲ್ಲಿ ಹೇಳಿ ಕಳಿಸುತ್ತಾನೆಂದೇ ಗದಿಗೆವ್ವ ತಿಳಿದಳು.

ಮರುದಿನ ನಸುಕಿನಲ್ಲಿ ನೋಡಿದರೆ ಜಾಲಿಯ ಬುಡದಲ್ಲಿ ನೀಲಿ ಕೋಟು, ಕೆಂಪು ರುಮಾಲು. ಇಷ್ಟು ಬೇಗ ಬಂದು ಕೂತಿದ್ದಾನೆ, ಪುಣ್ಯಾತ್ಮ ಎಂದುಕೊಂಡಳು. ಅನ್ನಪೂರ್ಣವ್ವನ ಮೈ ಕೆಂಡವಾಗಿತ್ತು. ಎಚ್ಚರಿದ್ದಾಗ ಕೂಸು ಕೇಳುವಳು, ಕೊಟ್ಟರೆ ಹಿಡಿಯಲಾರಳು. ಎಚ್ಚರ ತಪ್ಪಿದರೆ ಲಕ್ಷ್ಮೇಶ್ವರದ ಮನೆಯಲ್ಲಿ ಎಮ್ಮೆಗೆ ನೀರಿಟ್ಟಿಲ್ಲ, ಅತ್ತೆ ಬೈತಾರ ಎಂದು ಏಳಹೋಗುವಳು. ಗದಿಗೆವ್ವ ಒಂದು ಕೈಯಲ್ಲಿ ಮಗಳ ಹಣೆಗೆ ಒದ್ದೆ ಬಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ಕೂಸು ತಟ್ಟುತ್ತ, ಕಣ್ಣು ಮಾತ್ರ ದಂಡೆಯ ಮೇಲೆ ಇಟ್ಟಿದ್ದಳು. ಕೋಟು ಅಲುಗಾಡಲಿಲ್ಲ. ಹೊತ್ತು ನೆತ್ತಿಗೆ ಬಂದಾಗ ಗಾಳಿ ಎದ್ದಿತು, ಅವನ ತೋಳು ಅರ್ಧ ಮೇಲೇರಿ ಇಳಿಯಿತು. ತಡೀರಿ, ತಡೀರಿ ಎಂದು ಸನ್ನೆ ಮಾಡುತ್ತಿದ್ದಾನೆ ಎಂದು ಗದಿಗೆವ್ವನ ಜೀವಕ್ಕೆ ಒಂದಿಷ್ಟು ಸಮಾಧಾನವಾಯಿತು.

ಚನ್ನಬಸವಣ್ಣನ ಸೈರಣೆ ತೀರಿತು. ಕಟ್ಟೆಯ ಮೇಲೆ ಒಂದು ಊರಿಗೆ ಸಾಲುವಷ್ಟು ಮಾತಾಡಿದವನು ಹಳ್ಳದಲ್ಲಿ ಮಾತೇ ಬಿಟ್ಟಿದ್ದ. ಈಗ ಎದ್ದವನೇ ಎತ್ತು ಹೊಡೆದುಕೊಂಡು ಬಂದು ನೊಗಕ್ಕೆ ಹೂಡತೊಡಗಿದ. ಮುಳ್ಳು ಸರಿಸಿ ಹೋಗೇಬಿಡೋಣ, ಏನು ಮಾಡುತ್ತಾನೆ ಮಾಡಲಿ ಎಂದ. ಗದಿಗೆವ್ವ ಎದ್ದು ನೊಗ ಹಿಡಿದು ನಿಂತಳು.

"ಕೂತು ನೋಡಾಕತ್ತಾನಲ್ರಿ ಅಂವ," ಎಂದಳು. "ನಿಮ್ಮನ್ನ ಹಿಡದು ಒಯ್ದ್ರ, ಈ ಚಕ್ಕಡಿ ನಾ ಹೊಡಕೊಂಡು ಹೋಗಲೋ, ಇಕೀನ ಹಿಡಕೊಳ್ಳಲೋ, ಕೂಸಿನ ಹಿಡಕೊಳ್ಳಲೋ? ಕೂಗ್ತೀನಿ ಅಂತ ಹೇಳ್ಯಾನ. ಮಾತು ತಪ್ಪೋ ಮನಶ್ಯಾ ಅಲ್ಲ ಅಂವ."

ಆಕೆಯ ಮಾತಿನಲ್ಲಿ ನ್ಯಾಯವಿತ್ತು. ಚನ್ನಬಸವಣ್ಣ ದಂಡೆಯ ಕಡೆ ನೋಡಿದ. ಅಷ್ಟು ದೂರಕ್ಕೆ ಮುಖ ತಿಳಿಯದಿದ್ದರೂ, ಕೂತವನು ತಮ್ಮ ಕಡೆಯೇ ಮುಖ ಮಾಡಿದ್ದಾನೆಂಬುದು ಕಾಣುತ್ತಿತ್ತು. ಎರಡು ಸಲ ಹುಲಗಪ್ಪನ ಹೆಸರು ಹಿಡಿದು ಕೂಗಿದ. ಉತ್ತರ ಬರಲಿಲ್ಲ. ಮಾತಾಡುವುದಿಲ್ಲ ಎಂದು ಅವನು ಮೊದಲೇ ಹೇಳಿದ್ದನಲ್ಲ. ಚನ್ನಬಸವಣ್ಣ ಎತ್ತು ಬಿಚ್ಚಿದ.

ಆ ಹಗಲು ಹಾಗೇ ಹೋಯಿತು. ಮರುದಿನ ಬೆಳಗಾದಾಗಲೂ ಕೋಟು ಅಲ್ಲೇ ಇತ್ತು. ಅನ್ನಪೂರ್ಣವ್ವನ ತುಟಿ ಕಪ್ಪಾಗಿತ್ತು. ಬಿಸಿಲು ಮರಳಿಗೆ ಇಳಿಯುವ ಹೊತ್ತಿಗೆ ಒಮ್ಮೆ ಕಣ್ಣು ಬಿಟ್ಟು, ತಾಯಿಯನ್ನು ಚೆನ್ನಾಗಿ ಗುರುತಿಸಿ, "ಯವ್ವಾ, ಕೂಗಿದ್ನ?" ಎಂದು ಕೇಳಿದಳು.

"ಕೂಗ್ತಾನವ್ವಾ, ಈಗ ಕೂಗ್ತಾನ," ಎಂದಳು ಗದಿಗೆವ್ವ.

ಹುಡುಗಿ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಉಸಿರು ಒಂದೆರಡು ಸಲ ಎಳೆದು ನಿಂತುಬಿಟ್ಟಿತು. ತಾಯಿಯ ಕೈಯಲ್ಲಿ ಒದ್ದೆ ಬಟ್ಟೆ ಇನ್ನೂ ಆರಿರಲಿಲ್ಲ. ಗದಿಗೆವ್ವ ಅಳಲಿಲ್ಲ, ಚೀರಲಿಲ್ಲ. ಆ ಬಟ್ಟೆಯನ್ನು ಮತ್ತೆ ಅದ್ದಿ, ಹಿಂಡಿ, ಮತ್ತೆ ಹಣೆಯ ಮೇಲೆ ಹಾಕಿದಳು. ಚನ್ನಬಸವಣ್ಣ ಬಂದು ಕೈ ಹಿಡಿದು ನಿಲ್ಲಿಸಬೇಕಾಯಿತು. ಅವನು ಮಗಳ ಕಾಲ ಬಳಿ ಕೂತು, ಸಣ್ಣ ಹುಡುಗರು ಅಳುವಂತೆ ಬಾಯಿ ತೆರೆದು ಅತ್ತ. ಹಸಿದ ಕೂಸೂ ಅವನೊಡನೆ ಅಳತೊಡಗಿತು.

ಮಧ್ಯಾಹ್ನದ ಹೊತ್ತಿಗೆ ಶಿರಹಟ್ಟಿಯ ದಾರಿಯಲ್ಲಿ ಯಾರೋ ಓಡುತ್ತ ಬರುವುದು ಕಂಡಿತು. ಬರಿತಲೆ, ಮೈಮೇಲೆ ಬರೀ ಬನೀನು, ಕೈಯಲ್ಲೊಂದು ಸಣ್ಣ ಪುಡಿಕೆ. ಓಡಿ ಬರುತ್ತಲೇ ಕೈ ಎತ್ತಿ ಕೂಗುತ್ತಿದ್ದ. "ಅವ್ವಾರ, ಬರ್ರಿ. ನಾಕಾ ತಗದಾರ್ರಿ. ಒಂದ ಸರಕಾರ ಆತ್ರಿ. ಜಲ್ದಿ ಬರ್ರಿ, ಗುಳಿಗಿ ತಂದೀನಿ."

ದನಿ ಹುಲಗಪ್ಪನದು.

ಗದಿಗೆವ್ವ ದಾರಿಯಲ್ಲಿ ಬರುತ್ತಿದ್ದ ಹುಲಗಪ್ಪನನ್ನು ನೋಡಿದಳು. ಆಮೇಲೆ ಜಾಲಿಯ ಬುಡದಲ್ಲಿ ಕೂತಿದ್ದ ಹುಲಗಪ್ಪನನ್ನು ನೋಡಿದಳು. ನೀಲಿ ಕೋಟು, ಕೆಂಪು ರುಮಾಲು ಹಾಗೇ ಕೂತಿದ್ದವು.

ಆಕೆ ಕೂಸನ್ನು ಸೊಂಟಕ್ಕೆ ಅವುಚಿಕೊಂಡು ದಂಡೆ ಏರಿದಳು. ಮುಳ್ಳು ಕೈಗೆ ತರಚಿದ್ದು ಆಕೆಗೆ ತಿಳಿಯಲಿಲ್ಲ. ಕೈಯಿಂದ ಸರಿಸಿದರೆ ಸರಿಯುವಷ್ಟೇ ಇತ್ತು ಆ ಮುಳ್ಳು. ಹತ್ತಿರ ಹೋಗಿ ರುಮಾಲು ಎತ್ತಿದಳು. ಒಳಗೆ ಮಗುಚಿದ ಗಡಿಗೆ ಇತ್ತು. ಆಕೆಯೇ ಬೆರಳನ್ನು ಸುಣ್ಣದಲ್ಲಿ ಅದ್ದಿ ಬರೆದ ಎರಡು ಕಣ್ಣು ಆಕೆಯನ್ನೇ ನೋಡುತ್ತಿದ್ದವು. ಕೋಟಿನ ಗುಂಡಿ ಬಿಚ್ಚಿದರೆ ಒಳಗೆ ಗಂಡನ ಹರಕು ಅಂಗಿ, ಅಂಗಿಯೊಳಗೆ ತಮ್ಮದೇ ಹೊಲದ ಕಣಕಿ.

ಹುಲಗಪ್ಪ ಏದುಸಿರು ಬಿಡುತ್ತ ಬಂದು ನಿಂತ. ಹಳ್ಳದ ಚಕ್ಕಡಿಯಲ್ಲಿ ಹುಡುಗಿಯ ಮುಖದ ಮೇಲೂ ಮುಸುಕು ಎಳೆದದ್ದನ್ನು ನೋಡಿದ, ಕೈಯ ಪುಡಿಕೆ ಕೆಳಗೆ ಬಿತ್ತು. ಅವನು ಹೇಳಿದ್ದರ ತಾತ್ಪರ್ಯ ಇಷ್ಟು. ಅಪ್ಪಣೆ ತರುವುದಕ್ಕೆ ನಂಬುವಂಥ ಬೇರೆ ಯಾರೂ ಸಿಗಲಿಲ್ಲವೆಂದು ತಾನೇ ಹೋಗಿದ್ದ. ನಾಕಾ ಬಿಟ್ಟು ಹೋದದ್ದು ತಿರುಗಾಡುವ ಪೊಲೀಸರಿಗೆ ತಿಳಿಯಬಾರದೆಂದು ಹೊಲದ ಬೆರ್ಚಪ್ಪನನ್ನು ತಂದು, ತನ್ನ ಕೋಟು ತೊಡಿಸಿ ಕೂರಿಸಿದ್ದ. ಸಂಜೆಯೊಳಗೆ ಬಂದೇನೆಂದುಕೊಂಡಿದ್ದ. ಶಿರಹಟ್ಟಿಯಲ್ಲಿ ಆಗಲೇ ಸಂಸ್ಥಾನ ಮುಗಿದಿತ್ತು. ಹಳೆಯ ಸರಕಾರದವರು ನಮಗೀಗ ಅಧಿಕಾರವಿಲ್ಲ, ಹೊಸಬರನ್ನು ಕೇಳು ಎಂದರು. ಹೊಸಬರು ಇನ್ನೂ ಬಂದಿರಲಿಲ್ಲ. ಒಬ್ಬರ ಬಾಗಿಲಿನಿಂದ ಇನ್ನೊಬ್ಬರ ಬಾಗಿಲಿಗೆ ತಿರುಗಿ, ಕೊನೆಗೆ ಬೆಳಿಗ್ಗೆ ಯಾರೋ ಒಬ್ಬರು ನಕ್ಕು, ಇಲ್ಲದ ಗಡಿಗೆ ಅಪ್ಪಣೆ ಯಾಕೋ ಹುಚ್ಚಪ್ಪ, ಮೊನ್ನೆಯಿಂದಲೇ ನಾಕಾ ಇಲ್ಲ ಎಂದರಂತೆ. ಅಲ್ಲಿಂದ ದವಾಖಾನೆಗೆ ಓಡಿ, ಗುಳಿಗೆ ಬೇಡಿ ತಂದಿದ್ದ.

"ನಿಮಗ ಮೋಸ ಮಾಡಬೇಕಂತ ಕುಂದ್ರಸಲಿಲ್ರಿ ಅವ್ವಾರ," ಎಂದ ಅವನು.

ಗದಿಗೆವ್ವನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಸುಖವಿತ್ತು. ನೊಗ ಹಿಡಿದು ನಿಂತ ತನ್ನ ಎರಡು ಕೈ ಮಾತ್ರ ಆಕೆಗೆ ನೆನಪಾಗುತ್ತಿದ್ದವು.

"ನಿಂದೇನೈತಪಾ ಇದರಾಗ," ಎಂದಳು. "ಇದನ್ನ ಕಟ್ಟಿದಾಕಿ ನಾನ. ಖರೆ ಮನಶ್ಯಾ ಅಂತ ನಂಬಿದಾಕೀನೂ ನಾನ."

ಕೋಟು ಕೊಡವಿ, ಮಡಚಿ ಅವನ ಕೈಗೆ ಕೊಟ್ಟಳು. ಎತ್ತು ಹೂಡಿದರು. ಹುಲಗಪ್ಪನೇ ಮುಂದೆ ನಿಂತು ಮುಳ್ಳು ಸರಿಸಿದ. ಚಕ್ಕಡಿ ದಂಡೆ ಏರಿತು. ಬೇವಿನ ಮರದ ಕೆಳಗೆ ಗಂಡಸರಿಬ್ಬರೂ ಕುಳಿ ತೋಡಿದರು, ಅನ್ನಪೂರ್ಣವ್ವನನ್ನು ಸಂಪ್ರದಾಯದಂತೆ ಕೂರಿಸಿ ಮಣ್ಣು ಕೊಟ್ಟರು. ಗುಡಿಸಲಿನ ಕಲ್ಲು ಗೋಡೆ ತಂಪಾಗಿತ್ತು, ಭಾವಿಯಲ್ಲಿ ನೀರಿತ್ತು.

ಪ್ಲೇಗು ಇಳಿದು ಊರು ತುಂಬಿತು. ಅಂದಾನಪ್ಪ ಬಂದು ಮಗಳನ್ನು ನೋಡಿ, ಹೆಂಡತಿಯ ಗದ್ದುಗೆಗೆ ವಿಭೂತಿ ಹಚ್ಚಿ ಹೋದ. ಕೂಸು ಅಜ್ಜಿಯ ಹತ್ತಿರವೇ ಉಳಿಯಿತು. ಕಟ್ಟೆಯೂ ತುಂಬಿತು. ಮೂರು ಸರಕಾರ ಇದ್ದದ್ದಕ್ಕೆ ಆ ಹುಡುಗಿ ಹೋದಳು ಎಂದು ಒಂದು ಪಕ್ಷ, ಒಂದಾದದ್ದು ತಿಳಿಯಲಿಲ್ಲವೆಂದು ಹೋದಳು ಎಂದು ಇನ್ನೊಂದು ಪಕ್ಷ. ಚನ್ನಬಸವಣ್ಣ ಆ ಕಟ್ಟೆಯ ಮುಂದೆ ಹಾಯುವುದನ್ನೇ ಬಿಟ್ಟು ಹಿತ್ತಲ ದಾರಿ ಹಿಡಿದ, ಪತ್ರಿಕೆ ತರಿಸುವುದನ್ನು ನಿಲ್ಲಿಸಿದ.

ಮುಂದಿನ ವರ್ಷ ಜೋಳದ ತೆನೆ ಹಾಲುಗಾಳು ಕಟ್ಟಿದಾಗ ಹಕ್ಕಿ ಮುತ್ತಿದವು. ಬೆರ್ಚಪ್ಪನನ್ನು ಕಟ್ಟಿಕೊಡೆಂದು ಓಣಿಯ ಹೆಂಗಸರು ಬಂದರು. ಗದಿಗೆವ್ವ ಯಾರಿಗೂ ಕಟ್ಟಿಕೊಡಲಿಲ್ಲ, ತನ್ನ ಹೊಲಕ್ಕೂ ನಿಲ್ಲಿಸಲಿಲ್ಲ. ಬೆಳಗಾದರೆ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಹೋಗಿ, ಹೊಲ ಕಾಯುವ ಎತ್ತರದ ಮಂಚಿಗೆಯ ಮೇಲೆ ತಾನೇ ಕೂತು ದಿನವಿಡೀ ಹಕ್ಕಿ ಹೊಡೆಯುತ್ತಿದ್ದಳು. ಹಳ್ಳದ ದಾರಿಯಲ್ಲಿ ಹೋಗುವವರು ಯಾರಾದರೂ, ಯಾರದು ಅಲ್ಲಿ ಎಂದು ಸುಮ್ಮನೆ ಕೂಗಿದರೂ ಸಾಕು, ಕೂಸು ನಿದ್ದೆಗೆ ಜಾರಿದ್ದರೂ ಲೆಕ್ಕಿಸದೆ ಆಕೆ ಎದ್ದು ನಿಂತು, ಕೈ ಎತ್ತಿ, ಓ ಎನ್ನುತ್ತಿದ್ದಳು.